ಹಸುವಿನ ಹಿಂದೆ ಬೆಳ್ಳಕ್ಕಿ ಏಕೆ?

ಕುದೇರಿನ ಹೊಲದಂಚಿನ ಹೊಸ ಮನೆಗೆ ಬಂದ ಮೇಲೆ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಒಂದು ಪಾಠ ನನಗೆ ಅಂಗಳದಿಂದಲೇ ಕಾಣುತ್ತದೆ. ನಮ್ಮ ಹಸು ಮೇಯುತ್ತಾ ಹೆಜ್ಜೆ ಇಟ್ಟಂತೆ ಹುಲ್ಲಿನೊಳಗಿನ ಮಿಡತೆಗಳು ಮೇಲೇಳುತ್ತವೆ. ಹಿಂದೆಯೇ ನಡೆಯುವ ಬೆಳ್ಳಕ್ಕಿ ಅವನ್ನು ಹಿಡಿಯುತ್ತದೆ. ಕಾಜಾಣ ಹಸುವಿನ ಬೆನ್ನ ಮೇಲೇ ಕುಳಿತು ಕಾಯುತ್ತದೆ. ಹಕ್ಕಿಗೆ ಲಾಭ, ಹಸುವಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದೇ ಕಮೆನ್ಸಲಿಸಂ, ಅಂದರೆ ಸಹಭೋಜಿತ್ವ. ಹಸುವಿನ ರಕ್ತ ಹೀರುವ ಉಣ್ಣೆಯದು ಪರಾವಲಂಬನೆ; ಅಲ್ಲಿ ಹಸುವಿಗೆ ನಷ್ಟ.

ಬದುವಿನ ಹುಲ್ಲಿಗೆ ಕೀಟನಾಶಕ ಹೊಡೆದರೆ ಮಿಡತೆ ಸಾಯುತ್ತದೆ, ಬೆಳ್ಳಕ್ಕಿಯ ಊಟ ತಪ್ಪುತ್ತದೆ. ಅದೇ ಹುಲ್ಲು ಹಸುವಿನ ಮೇವು. ವಿಷ ಹಾಲಿಗೂ ಇಳಿಯಬಹುದು.

ಸ್ನೇಹಿತರೇ, ನಿಮ್ಮೂರಿನಲ್ಲೂ ಹತ್ತು ನಿಮಿಷ ದೂರ ನಿಂತು ನೋಡಿ, ಎಣಿಸಿ, ಬರೆದಿಡಿ.