ಎರಡು ಕೋಶ ಬೆಸೆದರೆ ಯಾರ ಮಾತು ನಡೆಯುತ್ತೆ?

ನಮ್ಮೂರು ಬಳಿಚಕ್ರದ ಕಡೆ ಹೈಬ್ರಿಡ್ ಅಂದ್ರೆ ಹತ್ತಿ ಬೀಜ. 1972ರಲ್ಲಿ ಧಾರವಾಡದಿಂದ ಬಂದ 'ವರಲಕ್ಷ್ಮಿ'ಯಲ್ಲಿ ಎರಡು ಜಾತಿಯ ಹತ್ತಿಯನ್ನು ಪರಾಗಸ್ಪರ್ಶ ಮಾಡಿಸಿ ಕೂಡಿಸಿದ್ದರು. ಬಯಾಲಜಿ ಕ್ಲಾಸಲ್ಲಿ 'ಹೈಬ್ರಿಡ್ ಸೆಲ್' ಅಂದಾಗ ನಾವು ಅದನ್ನೇ ನೆನೆಸ್ಕೊಂಡು ಇಂಟರ್ನಲ್ಸ್‌ನಲ್ಲಿ ತಪ್ಪು ಬರೆದ್ವಿ. ಇಲ್ಲಿ ಹೂವೂ ಇಲ್ಲ, ಪರಾಗವೂ ಇಲ್ಲ. ಎರಡು ಕೋಶಗಳ ಪೊರೆ ಬೆಸೆದು ಒಂದೇ ಕೋಶ ಮಾಡೋದು, ಅಷ್ಟೇ.

ಕೋಶಚಕ್ರ ಗೊತ್ತಲ್ಲ: ಜಿ1, ಆಮೇಲೆ ಡಿಎನ್‌ಎ ನಕಲಾಗುವ ಎಸ್, ಆಮೇಲೆ ಜಿ2, ಕೊನೆಗೆ ವಿಭಜನೆಯ ಎಂ. ಜಿ1 ಕೋಶ ನಕಲು ಶುರು ಮಾಡದೆ ಸುಮ್ಮನಿರೋದು ಯಾಕೆ? 'ಸ್ಟಾರ್ಟ್' ಸಿಗ್ನಲ್ ಬಂದಿಲ್ಲವೋ, ಬ್ರೇಕ್ ಬಿದ್ದಿದೆಯೋ? ಹೊರಗಿನಿಂದ ನೋಡಿದ್ರೆ ಎರಡೂ ಒಂದೇ ಥರ.

1970ರಲ್ಲಿ ಭಾರತ ಮೂಲದ ಪೋಟು ರಾವ್ ಮತ್ತು ರಾಬರ್ಟ್ ಜಾನ್ಸನ್ 'ನೇಚರ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಬೇರೆ ಬೇರೆ ಹಂತದ ಹೀಲಾ ಕೋಶಗಳನ್ನು ನಿಷ್ಕ್ರಿಯ ಮಾಡಿದ ಸೆಂಡೈ ವೈರಸ್ ಬಳಸಿ ಬೆಸೆದರು. (ಹೀಲಾ ಕೋಶಗಳು 1951ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಅವರವು. ಅವರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಇದನ್ನೂ ಪಾಠದಲ್ಲಿ ಹೇಳಬೇಕಿತ್ತು ಅನ್ಸುತ್ತೆ.) ಈಗ ಒಂದೇ ಕೋಶದಲ್ಲಿ ಎರಡು ನ್ಯೂಕ್ಲಿಯಸ್. ಯಾವುದು ಯಾವ ಕೋಶದ್ದು ಅಂತ ತಿಳಿಯೋಕೆ ಒಂದಕ್ಕೆ ಮೊದಲೇ ವಿಕಿರಣಶೀಲ ಥೈಮಿಡಿನ್ ಗುರುತು.

ಎಸ್ ಜೊತೆ ಬೆಸೆದಾಗ ಜಿ1 ನ್ಯೂಕ್ಲಿಯಸ್ ಹೊತ್ತಿಗೆ ಮುಂಚೆಯೇ ನಕಲು ಶುರು ಮಾಡಿತು. ಜಿ1ರಲ್ಲಿ ಹರಡುವಂಥ ಬ್ರೇಕ್ ಇದ್ದಿದ್ರೆ ಎಸ್ ಕೂಡ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂದ್ರೆ ಸ್ಟಾರ್ಟ್ ಸಿಗ್ನಲ್ ಇದೆ, ಅದು ಸೈಟೋಪ್ಲಾಸಂ ಮೂಲಕ ದಾಟುತ್ತೆ.

ಎಸ್ ಜೊತೆ ಜಿ2 ಬೆಸೆದರೆ? ಮುಂದೆ ಓದೋ ಮುಂಚೆ ಒಂದು ನಿಮಿಷ ಊಹಿಸಿ. ನಾವು 'ಅದೂ ನಕಲು ಮಾಡುತ್ತೆ' ಅಂದುಕೊಂಡಿದ್ವಿ. ಮಾಡಲಿಲ್ಲ! ಅದೇ ಸಿಗ್ನಲ್ ನಡುವೆ ಕೂತಿದ್ದರೂ ಜಿ2 ನ್ಯೂಕ್ಲಿಯಸ್ ಎರಡನೇ ಸಲ ನಕಲು ಮಾಡದೆ, ಎಸ್ ಮುಗಿಸೋವರೆಗೆ ಕಾಯಿತು. ಒಮ್ಮೆ ನಕಲಾದ ನ್ಯೂಕ್ಲಿಯಸ್‌ಗೆ ತನ್ನದೇ ಬೀಗ ಇದೆ. ಆ ಬೀಗ ಇಲ್ಲದಿದ್ರೆ ಒಂದೇ ಚಕ್ರದಲ್ಲಿ ಡಿಎನ್‌ಎ ಮತ್ತೆ ಮತ್ತೆ ನಕಲಾಗ್ತಾ ಹೋಗುತ್ತೆ.

ಎಂ ಕೋಶ ಮಾತ್ರ ಯಾರನ್ನೂ ಕೇಳಲ್ಲ. ಜಿ1 ಜೊತೆ ಸೇರಿಸಿದ್ರೂ ಅದರ ಕ್ರೋಮೋಸೋಮ್‌ಗಳನ್ನು ಅಕಾಲದಲ್ಲೇ ಗಟ್ಟಿಯಾಗಿಸುತ್ತೆ. ಎಂ ಹಂತಕ್ಕೆ ತಳ್ಳುವ ಪ್ರೋಟೀನಿನ ಜೀನನ್ನು ಮೊದಲು ಯೀಸ್ಟ್‌ನಲ್ಲಿ ಗುರುತಿಸಿದ್ದರು, ಹೆಸರು ಸಿಡಿಸಿ2. 1987ರಲ್ಲಿ ಮೆಲನಿ ಲೀ ಮತ್ತು ಪಾಲ್ ನರ್ಸ್, ಆ ಜೀನ್ ಕೆಟ್ಟಿದ್ದ ಯೀಸ್ಟ್‌ಗೆ ಮನುಷ್ಯರ ಅದೇ ಥರದ ಜೀನ್ ಕೊಟ್ಟರು. ಯೀಸ್ಟ್ ವಿಭಜನೆಯಾಯಿತು.