ಕರಾರಿಗೆ ಸಹಿ ಹಾಕುವ ಮುನ್ನ

ನನ್ನ ಕಥಾಸಂಕಲನದ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗಿದಾಗ ಪ್ರಕಾಶಕರು ಫೋನ್ ಮಾಡಿ, ‘ದೂರು ಕೊಡೋಣ, ನೀವೂ ಸಹಿ ಹಾಕಿ ಸರ್’ ಎಂದರು. ಸಿಟ್ಟು ನನಗೂ ಬಂದಿತ್ತು. ಆದರೆ ಆ ಪುಸ್ತಕದ ಪ್ರತಿಗಳು ಮುಗಿದು ವರ್ಷಗಳೇ ಕಳೆದಿದ್ದವು. ಮರುಮುದ್ರಣದ ಮಾತೆತ್ತಿದಾಗಲೆಲ್ಲ ‘ಗ್ರಂಥಾಲಯದ ಸಗಟು ಖರೀದಿ ಆಗಲಿ, ನೋಡೋಣ’ ಎಂಬ ಉತ್ತರ. ಅಂಗಡಿಯಲ್ಲೇ ಇಲ್ಲದ ಪುಸ್ತಕಕ್ಕೆ ರಾಯಲ್ಟಿ ಎಲ್ಲಿಂದ ಬರಬೇಕು? ಹುಡುಕಿಕೊಂಡು ಬಂದ ಓದುಗರಿಗಾದರೂ ಬೇರೆ ಯಾವ ದಾರಿಯಿತ್ತು?

ಕಾಗದಕ್ಕೆ, ಅಚ್ಚಿಗೆ, ಸಾಗಣೆಗೆ ದುಡ್ಡು ಹಾಕುವವರು ಪ್ರಕಾಶಕರು. ಅದು ವಾಪಸು ಬರುವತನಕ ಬೇರೆಯವರು ನಕಲು ಮಾಡಬಾರದು ಎನ್ನುವುದು ನ್ಯಾಯವೇ. ಆದರೆ ಅಚ್ಚು ಹಾಕದೆ ಸುಮ್ಮನೆ ಕೂರುವುದಕ್ಕೂ ಅದೇ ಹಕ್ಕು ನೆಪವಾದಾಗ ಲೇಖಕನ ಹಿತ ಬೇರೆಯಾಗುತ್ತದೆ. ಅವನಿಗೆ ಬೇಕಾದದ್ದು ದುಡಿಮೆಗೆ ಹಣ, ಜೊತೆಗೆ ಪುಸ್ತಕ ಓದುಗರ ಕೈಯಲ್ಲಿರುವುದು.

ಈ ಬಿರುಕು ಕನ್ನಡಕ್ಕೆ ಸೀಮಿತವಲ್ಲ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಆ್ಯಂಡ್ ಫ್ರಾನ್ಸಿಸ್ ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯ ಮತ್ತು ಅದರ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ, ತಮ್ಮ ಪುಸ್ತಕಗಳ ಭಾಗಗಳನ್ನು ನಕಲು ಮಾಡಿದ್ದಕ್ಕೆ ದಾವೆ ಹೂಡಿದವು. ಆಗ ದಾವೆ ಹಿಂತೆಗೆದುಕೊಳ್ಳಿ ಎಂದು ಬರೆದವರಲ್ಲಿ ಅಮರ್ತ್ಯ ಸೇನ್ ಇದ್ದರು. ಆ ಪ್ರಕಾಶನಗಳ ಲೇಖಕರು ಇನ್ನೂ ಹಲವರಿದ್ದರು. ತಮ್ಮ ಹೆಸರಿನಲ್ಲಿ ನಡೆಯುತ್ತಿದ್ದ ರಕ್ಷಣೆ ಅವರಿಗೇ ಬೇಡವಾಗಿತ್ತು. 2016ರಲ್ಲಿ ಹೈಕೋರ್ಟು ದಾವೆಯನ್ನು ವಜಾ ಮಾಡಿತು.

ನಾನು ದೂರಿಗೆ ಸಹಿ ಹಾಕಲಿಲ್ಲ. ಹಳೆಯ ಕರಾರುಪತ್ರ ತೆಗೆದು ಓದಿದೆ. ಹಕ್ಕು ಎಷ್ಟು ಕಾಲ ಎಂದು ಅದರಲ್ಲಿ ಬರೆದಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ನಮೂದಿಸದ ಹಸ್ತಾಂತರಕ್ಕೆ ಐದೇ ವರ್ಷ ಆಯಸ್ಸು. ಆ ಐದು ವರ್ಷ ಎಂದೋ ಮುಗಿದಿತ್ತು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿ, ಪುಸ್ತಕವನ್ನು ಬೇರೆ ಪ್ರಕಾಶನಕ್ಕೆ ಕೊಟ್ಟೆ. ಅದು ಮತ್ತೆ ಅಚ್ಚಾಯಿತು, ಮಾರಾಟವೂ ಆಯಿತು.

ಕೃತಿಸ್ವಾಮ್ಯ ಲೇಖಕ ಸತ್ತ ಮೇಲೂ 60 ವರ್ಷ ಉಳಿಯುತ್ತದೆ. ‘ಸಂಪೂರ್ಣ ಹಕ್ಕು, ಶಾಶ್ವತವಾಗಿ’ ಎಂದು ಬರೆದುಕೊಟ್ಟರೆ ಅಷ್ಟೂ ಕಾಲ ಅದು ಪರರ ಪಾಲು. ಮೊದಲ ಪುಸ್ತಕದ ಸಂಭ್ರಮದಲ್ಲಿರುವ ತರುಣ ಬರಹಗಾರರೇ, ಕರಾರಿನಲ್ಲಿ ಅವಧಿ ಬರೆಸಿ. ಪ್ರತಿ ಮುಗಿದು ಇಂತಿಷ್ಟು ತಿಂಗಳಲ್ಲಿ ಮರುಮುದ್ರಣವಾಗದಿದ್ದರೆ ಹಕ್ಕು ನಿಮಗೆ ಮರಳಬೇಕೆಂದು ಸೇರಿಸಿ. ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಹಕ್ಕುಗಳನ್ನು ಬೇರೆಬೇರೆಯಾಗಿಯೇ ಮಾತಾಡಿ. ಒಳ್ಳೆಯ ಪ್ರಕಾಶಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.