ಹೆಬ್ಬೆರಳಿನ ಮಾತು

ದ್ರಾಕ್ಷಿ ಪಡದಲ್ಲಿ ಕೆಲಸ ಮಾಡುವವನಿಗೆ ಎರಡೂ ಕೈ ಬೇಕು. ನನಗೆ ಮಾತಾಡಲು ಅದರಲ್ಲೊಂದು ಬೇಕು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡು ನಮ್ಮೂರು ನಿಡೋಣಿಗೆ ಮರಳಿದ ಮೇಲೆ ಏನು ಬದಲಾಯಿತು ಎಂದು ಕೇಳುವವರಿಗೆ ಇದಕ್ಕಿಂತ ಸಣ್ಣ ಉತ್ತರ ನನ್ನಲ್ಲಿಲ್ಲ.

ಧ್ವನಿಪೆಟ್ಟಿಗೆ ಪೂರ್ತಿ ತೆಗೆದ ಮೇಲೆ ಶ್ವಾಸನಾಳದ ಬಾಯನ್ನು ಕತ್ತಿನ ಮುಂಭಾಗಕ್ಕೆ ತಂದು ಹೊಲಿಯುತ್ತಾರೆ. ಉಸಿರೆಲ್ಲ ಅಲ್ಲಿಂದಲೇ. ಶ್ವಾಸನಾಳ, ಅನ್ನನಾಳಗಳ ನಡುವಿನ ಗೋಡೆಯಲ್ಲಿ ಪುಟ್ಟ ವಾಲ್ವ್ ಕೂರಿಸುತ್ತಾರೆ. ಹೆಬ್ಬೆರಳಿಂದ ಕತ್ತಿನ ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವಿನಿಂದ ಅನ್ನನಾಳಕ್ಕೆ ಹೊಕ್ಕು, ಗಂಟಲ ಒಳಪದರ ಅದುರಿ, ದನಿ ಬರುತ್ತದೆ. ಗೊಗ್ಗರು ದನಿ, ಆದರೆ ನನ್ನದೇ.

ಎಮ್ಮೆ ಹಿಂಡುವಾಗ ಮಾತಿಲ್ಲ. ಮೋಟಾರ್‌ಸೈಕಲ್ ಮೇಲೆ ಮಾತಿಲ್ಲ. ಬದುವಿನಾಚೆ ಇರುವ ಆಳನ್ನು ಕೂಗಿ ಕರೆಯಲಾಗದು, ಚಪ್ಪಾಳೆ ಹೊಡೆಯಬೇಕು. ಚಹಾ ಊದಿ ಆರಿಸುವುದೂ ಮೊದಲಿನಂತೆ ಆಗದು. ಬಶಿಗೆ ಸುರಿದು ಕಾಯುತ್ತೇನೆ. ವಾಸನೆ ಹೋಗಿದೆ, ಹಾಲು ಹೊತ್ತಿದರೂ ತಿಳಿಯದು. ಒಣದ್ರಾಕ್ಷಿಗೆ ಕೊಡುವ ಗಂಧಕದ ಹೊಗೆ, ಕಣದ ಧೂಳು ಮೂಗಿನಲ್ಲಿ ಸೋಸದೆ ನೇರ ಒಳಗಿಳಿಯುತ್ತವೆ. ಕತ್ತಿಗೆ ತೆಳು ಬಟ್ಟೆ ಕಟ್ಟಿಕೊಳ್ಳದೆ ಹೊರಬೀಳುವುದಿಲ್ಲ. ಬಾವಿಗೆ ಹಾರಿ ಈಜುವುದಂತೂ ಮುಗಿದ ಕಥೆ. ಸ್ನಾನದ ತಂಬಿಗೆ ನೀರಿಗೇ ಹೆದರಬೇಕು.

ಇವಕ್ಕೆಲ್ಲ ಹೊಂದಿಕೊಂಡೆ. ಹೊಂದಿಕೊಳ್ಳಲು ಆಗದಿರುವುದು ಜನರ ಜೊತೆಗಿನ ಲೆಕ್ಕ. ಮಾತು ನಿಂತವನಿಗೆ ಕಿವಿಯೂ ಕೇಳದು ಎಂದು ಎಷ್ಟೋ ಮಂದಿ ನಂಬಿದ್ದಾರೆ. ಎದುರು ನಿಂತು ಚೀರುತ್ತಾರೆ. "ಮುತ್ಯಾ ಊಟ ಮಾಡ್ಯಾರೇನ್ರಿ?" ಎಂದು ನನ್ನನ್ನು ಬಿಟ್ಟು ಹೆಂಡತಿಯನ್ನು ಕೇಳುತ್ತಾರೆ. ಬೆರಳು ಕತ್ತಿಗೆ ಹೋಗುವಷ್ಟರಲ್ಲಿ ಅವಳು ಉತ್ತರ ಕೊಟ್ಟಾಗಿರುತ್ತದೆ. ಪಂಚಾಯಿತಿಕಟ್ಟೆಯ ಚೇಷ್ಟೆಗೆ ತಕ್ಷಣ ಬಾಯಿ ಕೊಡಬೇಕು. ನನ್ನ ಜವಾಬು ಬರುವಾಗ ನಗು ಮುಗಿದಿರುತ್ತದೆ. ವ್ಯಾಪಾರದಲ್ಲಿ ಮಾತ್ರ ಈ ತಡ ಲಾಭ ತಂದಿದೆ. ದರ ಹೇಳಿದ ದಲಾಲಿ, ನಾನು ಸುಮ್ಮನಿರುವುದು ಒಪ್ಪಿಗೆಯಿಲ್ಲದ್ದಕ್ಕೆ ಎಂದುಕೊಂಡು ತಾನೇ ಒಂದಿಷ್ಟು ಏರಿಸುತ್ತಾನೆ.

ಆಪರೇಷನ್ನಿಗೆ ಮೊದಲು ಗಡ್ಡೆಯ ಬಗ್ಗೆ ಎಲ್ಲರೂ ಮಾತಾಡಿದರು, ದನಿಯಿಂದ ನಾನು ಏನೇನು ಕೆಲಸ ತೆಗೆಯುತ್ತೇನೆ ಎಂದು ಯಾರೂ ಕೇಳಲಿಲ್ಲ. ವಿಯೆನ್ನಾದ ಶಸ್ತ್ರವೈದ್ಯ ಬಿಲ್‌ರೋತ್ 1873ರಲ್ಲೇ ಕ್ಯಾನ್ಸರಿಗಾಗಿ ಇಡೀ ಧ್ವನಿಪೆಟ್ಟಿಗೆ ತೆಗೆದಾಗ, ಆ ರೋಗಿ ಮಾತಾಡಲೆಂದು ಕೃತಕ ಸಾಧನವನ್ನೂ ಮಾಡಿಸಿಕೊಟ್ಟಿದ್ದರು. ಜೀವ ಉಳಿದರೆ ಸಾಕು ಎಂದು ಅವರು ಅಂದೇ ಸುಮ್ಮನಾಗಿರಲಿಲ್ಲ. ನಮ್ಮ ಕಡೆ ಇಂದಿಗೂ "ಜೀವ ಉಳೀತಲ್ಲ, ಇನ್ನೇನ ಬೇಕು?" ಅನ್ನುತ್ತಾರೆ. ಹೀಗನ್ನುವವರನ್ನು ಒಂದು ದಿನ ಬಾಯಿ ಮುಚ್ಚಿಸಿ ಕೂರಿಸಬೇಕು ಅನಿಸುತ್ತದೆ.

ವಾಲ್ವ್ ಒಮ್ಮೆ ಹಾಕಿದರೆ ಮುಗಿಯಿತು ಎಂದಲ್ಲ. ದಿನಾ ಬ್ರಷ್‌ನಿಂದ ತೊಳೆಯಬೇಕು. ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಕುಡಿದ ನೀರು ಸೋರಿ ಕೆಮ್ಮು ಬಂತೆಂದರೆ ಬದಲಿಸುವ ಹೊತ್ತು, ಅದು ಕೆಲವು ತಿಂಗಳಿಗೋ ವರ್ಷಕ್ಕೋ ಬರುತ್ತದೆ. ಹೊರದೇಶದ ವಾಲ್ವಿಗೆ ಹದಿನೈದು, ಮೂವತ್ತು ಸಾವಿರ ಕೊಡಲಾಗದೆ ಮೂಕರಾಗಿಯೇ ಉಳಿದವರಿದ್ದಾರೆ. ಅಂಥವರನ್ನು ಕಂಡು ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ಸುಮಾರು 50 ರೂಪಾಯಿಯ 'ಓಂ' ವಾಲ್ವ್ ತಯಾರಿಸಿದರು. ನನ್ನ ಕಣ್ಣಿಗೆ ಇದು ಹೊಸ ಔಷಧ ಕಂಡುಹಿಡಿದದ್ದಕ್ಕೆ ಕಡಿಮೆಯದಲ್ಲ.

ಅಂಗಿ ಕಿಸೆಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ: "ನಾನು ಕತ್ತಿನಿಂದ ಉಸಿರಾಡುತ್ತೇನೆ. ಆಮ್ಲಜನಕ ಮೂಗಿಗಲ್ಲ, ಕತ್ತಿಗೆ ಕೊಡಿ." ಎಚ್ಚರ ತಪ್ಪಿ ಬಿದ್ದರೆ ಹೇಳುವವರು ಬೇಕಲ್ಲ. ಕತ್ತಿಗೆ ಕರೆಂಟು (ರೇಡಿಯೇಷನ್ನಿಗೆ ನಮ್ಮಲ್ಲಿ ಹೀಗೇ ಅನ್ನುವುದು) ಕೊಡಿಸಿಕೊಂಡವರು ಥೈರಾಯ್ಡ್ ಪರೀಕ್ಷೆಯನ್ನೂ ಹಲ್ಲನ್ನೂ ಮರೆಯಬಾರದು. ಮೂರು ವಾರ ದನಿ ಒಡೆದೇ ಇದ್ದರೆ ಕಷಾಯ ಬಿಟ್ಟು ಕಿವಿ ಮೂಗು ಗಂಟಲು ವೈದ್ಯರ ಬಳಿ ಹೋಗಬೇಕು, ಬೀಡಿ ಸೇದುವವರಂತೂ ತಪ್ಪದೆ.

ಇತ್ತೀಚೆಗೆ ತಿಕೋಟಾ ಕಡೆಯ ಒಬ್ಬರು ಆಪರೇಷನ್ನಿಗೆ ಹೋಗುವ ಮುಂಚೆ ನನ್ನನ್ನು ನೋಡಲು ಬಂದಿದ್ದರು. ಮಾತು ಕಲಿಸುವ ಥೆರಪಿಸ್ಟರನ್ನು ಈಗಲೇ ಕಾಣಿರಿ, ವಾಲ್ವ್ ಎಲ್ಲಿ ಬದಲಿಸುತ್ತಾರೆ, ಖರ್ಚೆಷ್ಟು ಕೇಳಿರಿ ಎಂದೆ. ಎಲ್ಲ ಕೇಳಿಸಿಕೊಂಡು, ನನ್ನ ಹೆಂಡತಿ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು: "ಕಾಕಾ, ಬೈಯಾಕರೆ ಬರತೈತೇನ್ರಿ?"

"ಬರತೈತಿ," ಎಂದೆ. "ಉದ್ದನ್ನ ಬೈಗುಳಕ್ಕ ಉಸಿರು ಸಾಲೂದಿಲ್ಲ. ಸಣ್ಣವು ಆರಿಸ್ಕೋರಿ."